ಸರ್ಕಾರದ ಬಾಗಿಲಲ್ಲಿ ನಾಲ್ಕು ತಾಲ್ಲೂಕು

ಸ್ವಾತಂತ್ರ್ಯಕ್ಕೆ ಮೊದಲು ಗದಗಿನಲ್ಲಿ ರೈಲು ಹತ್ತಿ ಹೊಸಪೇಟೆಯಲ್ಲಿ ಇಳಿಯುವವರು ನೂರು ಕಿಲೋಮೀಟರ್ ತುಂಬುವುದರೊಳಗೆ ಮೂರು ಸರ್ಕಾರಗಳ ನೆಲ ದಾಟುತ್ತಿದ್ದರು. ಗದಗ ಮುಂಬೈ ಪ್ರಾಂತ್ಯದ್ದು, ಹೊಸಪೇಟೆ ಮದ್ರಾಸಿನದು. ನಡುವಿನ ಬನ್ನಿಕೊಪ್ಪ, ಭಾನಾಪುರ, ಕೊಪ್ಪಳ, ಗಿಣಿಗೇರಾ, ಮುನಿರಾಬಾದ್ ಎಲ್ಲ ಹೈದರಾಬಾದ್ ನಿಜಾಮನವು. ಆಚೆಗೂ ಈಚೆಗೂ ಕನ್ನಡವೇ, ಬುತ್ತಿಯೊಳಗಿನ ರೊಟ್ಟಿಯೂ ಅದೇ ಜೋಳದ್ದು. ಆದರೆ ಗಡಿ ದಾಟಿದರೆ ರೂಪಾಯಿಯೇ ಬೇರೆ: ನಿಜಾಮನ ಏಳು ಹಾಲಿ ಸಿಕ್ಕಾ ಎಣಿಸಿಕೊಟ್ಟರೆ ಬ್ರಿಟಿಷರ ಆರು ರೂಪಾಯಿ. ಕರೋಡಗಿರಿ ನಾಕಾದಲ್ಲಿ ಗಂಟು ಬಿಚ್ಚಿಸಿ ಸುಂಕ ಕೇಳುತ್ತಿದ್ದರು. ಕಚೇರಿಯ ಕಾಗದ ಉರ್ದುವಿನಲ್ಲಿ ಇರುತ್ತಿತ್ತು. ಅದನ್ನು ಓದಿಸಿಕೊಳ್ಳುವುದಕ್ಕೂ ಒಬ್ಬರ ಕೈಕಾಲು ಹಿಡಿಯಬೇಕು.

ನಿಜಾಮನ ನಾಡಿನೊಳಗೂ ಎಲ್ಲರ ಸರ್ಕಾರ ಒಂದೇ ಆಗಿರಲಿಲ್ಲ. ಕುಷ್ಟಗಿ ಮತ್ತು ಗಂಗಾವತಿ ದಿವಾನಿ ತಾಲ್ಲೂಕುಗಳು, ಅಂದರೆ ಹೈದರಾಬಾದಿನ ನೇರ ಆಡಳಿತದವು. ಗಂಗಾವತಿಯ ಮಗ್ಗುಲಲ್ಲೇ ಆನೆಗೊಂದಿಯ ಅರಸು ಮನೆತನಕ್ಕೆ ತನ್ನದೇ ಹಳ್ಳಿಗಳಿದ್ದವು. ಕೊಪ್ಪಳ ಮತ್ತು ಯಲಬುರ್ಗಾ ಸಾಲಾರ್ ಜಂಗ್ ಮನೆತನದ ಜಾಗೀರು. ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋದವರೆಲ್ಲ ಮುಸುಕಿನ ರೆಬೆಕ್ಕಾಳ ಅಮೃತಶಿಲೆಯ ಮೂರ್ತಿಯ ಎದುರು ನಿಂತು ಬೆರಗಾಗುತ್ತಾರೆ. ಮೊದಲನೆಯ ಸಾಲಾರ್ ಜಂಗ್ 1876ರಲ್ಲಿ ರೋಮಿನಲ್ಲಿ ಕೊಂಡದ್ದು ಅದು. ಆ ಮನೆತನದ ಬೊಕ್ಕಸ ತುಂಬಿದ ಕಂದಾಯದಲ್ಲಿ ಯಲಬುರ್ಗಾದ ಎರೆಹೊಲಗಳ ಪಾಲೂ ಇತ್ತು ಎಂಬುದು ಅಲ್ಲಿನ ಯಾವ ಫಲಕದ ಮೇಲೂ ಇರಲಾರದು.

ಆ ಕಾಲದ ರೈತನ ಕಣ್ಣಿಗೆ ಸರ್ಕಾರ ಎಂದರೆ ಒಯ್ಯಲು ಬರುವವರು. ಊರಮಟ್ಟಿಗೆ ಮಾಲಿಪಾಟೀಲ, ಪೊಲೀಸ್ ಪಾಟೀಲ, ಪಟವಾರಿ; ಅವರಾಚೆಗೆ ತಹಸೀಲ್ದಾರ ಮತ್ತು ಅಮೀನ. ಅಧಿಕಾರಿಯ ಸವಾರಿ ಬಂತೆಂದರೆ ಕೇರಿಯ ಜನ ಬಿಟ್ಟಿ ಚಾಕರಿಗೆ ಏಳಬೇಕು. ಎರಡನೇ ಮಹಾಯುದ್ಧದ ಕಾಲದಲ್ಲಿ ಇದಕ್ಕೆ ಲೇವಿ ಸೇರಿಕೊಂಡಿತು: ಬೆಳೆದ ಧಾನ್ಯದಲ್ಲಿ ಇಷ್ಟು ಸರ್ಕಾರಕ್ಕೆ, ಅದು ಹೇಳಿದ ದರಕ್ಕೆ. ಮಳೆ ಕೈಕೊಟ್ಟ ವರ್ಷ ಹಗೆಯಲ್ಲಿ ಉಳಿದ ಜೋಳವೇ ಮನೆಯವರ ಉಸಿರಾಗಿದ್ದ ಕುಷ್ಟಗಿ ಕಡೆಯಲ್ಲಿ ಲೇವಿ ಎಷ್ಟು ಉರಿ ಎಬ್ಬಿಸಿತೆಂದು ಬೇರೆ ಹೇಳಬೇಕಿಲ್ಲ. ದೂರು ಹೇಳೋಣವೆಂದರೆ ನಾಲ್ಕು ಮಂದಿ ಸೇರುವುದಕ್ಕೂ ಅಡ್ಡಿ. 1929ರ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯ ಪ್ರಕಾರ ಅಪ್ಪಣೆಯಿಲ್ಲದೆ ಸಭೆ ನಡೆಸುವಂತಿರಲಿಲ್ಲ. ಕುಕನೂರಿನ ವಿದ್ಯಾನಂದ ಗುರುಕುಲದಂಥ ರಾಷ್ಟ್ರೀಯ ಶಾಲೆ ಇಲ್ಲಿ ನಡೆದುಕೊಂಡು ಬಂದದ್ದೇ ಒಂದು ಬಗೆಯ ಚಳವಳಿ. ಸರ್ಕಾರ ತಮಗೆ ಏನಾದರೂ ಕೊಡಬೇಕು ಎಂಬ ಮಾತನ್ನು ಆಗ ಯಾರೂ ಆಡುತ್ತಿರಲಿಲ್ಲ. ಅದು ತಮ್ಮ ತಂಟೆಗೆ ಬಾರದಿದ್ದರೆ ಸಾಕಿತ್ತು.

1947ರ ಆಗಸ್ಟ್ 15ರಂದು ಗದಗಿನಲ್ಲಿ ಮೂರು ಬಣ್ಣದ ಬಾವುಟ ಏರಿತು. ಕೊಪ್ಪಳದಲ್ಲಿ ಅದನ್ನು ಏರಿಸಹೋದವರಿಗೆ ಸೆರೆಮನೆ ಕಾದಿತ್ತು. ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಸ್ವಾಮಿ ರಮಾನಂದ ತೀರ್ಥರು ಅಂದೇ ಬಂಧನಕ್ಕೊಳಗಾದರು. ನವೆಂಬರಿನಲ್ಲಿ ನಿಜಾಮನಿಗೂ ದೆಹಲಿಗೂ ಯಥಾಸ್ಥಿತಿ ಒಪ್ಪಂದವಾಯಿತು. ಅಷ್ಟರಲ್ಲಿ ನಿಜಾಮನ ಪರ ನಿಂತ ಕಾಸಿಂ ರಜ್ವಿಯ ಪಡೆಯವರು, ರಜಾಕಾರರು, ಹಳ್ಳಿ ಹಳ್ಳಿಗೆ ಇಳಿದಿದ್ದರು. ಈ ಭಾಗದ ಹಿರಿಯರು ಈಗಲೂ ವರ್ಷಗಳನ್ನು ಲೆಕ್ಕ ಹಾಕುವಾಗ ರಜಾಕಾರರ ಹಾವಳಿಗಿಂತ ಮೊದಲು, ಆಮೇಲೆ ಎನ್ನುವುದುಂಟು.

ಗಂಟುಮೂಟೆ ಕಟ್ಟಿದ ಜನ ಗಡಿಯಾಚೆ ಮುಂಬೈ ಪ್ರಾಂತ್ಯದ ಮುಂಡರಗಿ, ಗಜೇಂದ್ರಗಡಗಳಿಗೆ ನಡೆದರು. ಇಲ್ಲಿ ಇತಿಹಾಸ ತಿರುವುಮುರುವಾದದ್ದನ್ನು ಗಮನಿಸಬೇಕು. 1858ರಲ್ಲಿ ಇದೇ ಮುಂಡರಗಿಯ ಭೀಮರಾಯ ಬ್ರಿಟಿಷರ ವಿರುದ್ಧ ಎದ್ದು, ಹಮ್ಮಿಗೆ ಕೆಂಚನಗೌಡನ ಜೊತೆ ಕೊಪ್ಪಳದ ಕೋಟೆ ಹೊಕ್ಕಿದ್ದ. ಜೂನ್ 1ರಂದು ಇಬ್ಬರೂ ಅಲ್ಲೇ ಮಡಿದರು. ತೊಂಬತ್ತು ವರ್ಷ ಕಳೆದ ಮೇಲೆ ಕೊಪ್ಪಳದವರು ಜೀವ ಉಳಿಸಿಕೊಳ್ಳಲು ಮುಂಡರಗಿಯ ದಾರಿ ಹಿಡಿದರು. ಒಂದು ಸರ್ಕಾರದಿಂದ ತಪ್ಪಿಸಿಕೊಳ್ಳಲು ಇನ್ನೊಂದರ ಗಡಿ ದಾಟುವ ಉಪಾಯ ಈ ಸೀಮೆಗೆ ಹೊಸದೇನಲ್ಲ.

ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳು ನಾಯಕರಾದರೆ ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರು. ಅಳವಂಡಿ ಕೊಪ್ಪಳ ತಾಲ್ಲೂಕಿನ ಊರು, ಮುಂಡರಗಿಗೆ ಹತ್ತಿರ. ಹೀಗಾಗಿ ಗಡಿಯ ಓಣಿ, ಹಳ್ಳ, ನಾಕಾ ಎಲ್ಲ ಅಲ್ಲಿನವರಿಗೆ ಕಣ್ಣು ಕಟ್ಟಿ ಬಿಟ್ಟರೂ ಗೊತ್ತು. ಶಿಬಿರದ ಮೊದಲ ಕೆಲಸ ಓಡಿಬಂದವರಿಗೆ ಕೂಳು, ಮಲಗಲು ಜಾಗ. ಎರಡನೆಯದು ಸುಂಕದ ನಾಕಾಗಳ ಮೇಲೆ ದಾಳಿ. ಗುರಿ ಸರಿಯಾಗಿಯೇ ಇತ್ತು. ಜನರಿಗೆ ದಿನಬೆಳಗಾದರೆ ಎದುರಾಗುತ್ತಿದ್ದ ನಿಜಾಮನ ಸರ್ಕಾರ ಅದೇ. ಮೂರನೆಯ ಕೆಲಸದ ಬಗ್ಗೆ ಅಷ್ಟಾಗಿ ಯಾರೂ ಬರೆಯುವುದಿಲ್ಲ. ಗಡಿಯ ಹಲವು ಹಳ್ಳಿಗಳಲ್ಲಿ ನಿಜಾಮನ ನೌಕರರು ಕಾಲು ಕಿತ್ತ ಮೇಲೆ ಶಿಬಿರದವರೇ ಊರ ಪಂಚರನ್ನು ಕೂಡಿಸಿ ಆಡಳಿತ ನಡೆಸಿದರು. ಕೆಲವು ತಿಂಗಳ ಮಟ್ಟಿಗೆ ಅಲ್ಲಿನ ರೈತರು ತಮ್ಮ ನಡುವಿನವರೇ ಸರ್ಕಾರವಾದದ್ದನ್ನು ಕಂಡರು. ಮುಂದೆ ಈ ಜನ ಮತ ಹಾಕಿದ ರೀತಿಯನ್ನು ಅರ್ಥಮಾಡಿಕೊಳ್ಳಲು ಆ ಅನುಭವವನ್ನು ಮರೆಯಬಾರದು ಎಂದು ನನಗನಿಸುತ್ತದೆ.

1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು, 17ಕ್ಕೆ ನಿಜಾಮ ಶರಣಾದ. ಈ ‘ಪೊಲೀಸ್ ಆ್ಯಕ್ಷನ್’ ಎಲ್ಲರ ನೆನಪಿನಲ್ಲೂ ಒಂದೇ ರೀತಿ ಉಳಿದಿಲ್ಲ. ಬೀದರ್, ಕಲಬುರ್ಗಿ ಕಡೆ ಆಮೇಲಿನ ವಾರಗಳಲ್ಲಿ ಮುಸ್ಲಿಮರ ಮೇಲೆ ನಡೆದ ಹಿಂಸೆಯನ್ನು ಸುಂದರಲಾಲ್ ಸಮಿತಿ ದಾಖಲಿಸಿತು. ಆ ವರದಿ ದಶಕಗಟ್ಟಲೆ ಬೆಳಕು ಕಾಣಲಿಲ್ಲ. ವಿಮೋಚನೆಯ ಕಥೆ ಹೇಳುವಾಗ ಇದನ್ನು ನುಂಗಿಕೊಳ್ಳುವ ರೂಢಿ ನಮ್ಮಲ್ಲಿದೆ, ಅದು ಒಳ್ಳೆಯದಲ್ಲ. ರಜಾಕಾರರಿಗೂ ತಮಗೂ ಯಾವ ಸಂಬಂಧವೂ ಇಲ್ಲದ ಎಷ್ಟೋ ಮನೆಗಳಿಗೆ ಹೊಸ ಸರ್ಕಾರ ಮೊದಲು ಕಂಡದ್ದು ಭಯವಾಗಿ.

ಮರುವರ್ಷವೇ, 1949ರಲ್ಲಿ, ಜಾಗೀರುಗಳು ರದ್ದಾದವು. ಮೂರನೆಯ ಸಾಲಾರ್ ಜಂಗ್ ಆ ಮಾರ್ಚಿನಲ್ಲಿ ಮದುವೆ ಮಕ್ಕಳಿಲ್ಲದೆ ತೀರಿಕೊಂಡಿದ್ದರು. ಕೊಪ್ಪಳ, ಯಲಬುರ್ಗಾ ಕೂಡ ಈಗ ಕುಷ್ಟಗಿ, ಗಂಗಾವತಿಯ ಹಾಗೆ ನೇರ ಸರ್ಕಾರದ ತಾಲ್ಲೂಕುಗಳಾದವು. 1950ರ ಹೈದರಾಬಾದ್ ಗೇಣಿ ಕಾಯ್ದೆ ಉಳುವವನನ್ನು ‘ಸಂರಕ್ಷಿತ ಗೇಣಿದಾರ’ ಎಂದು ಕರೆಯಿತು. ಕಾಯ್ದೆಯಿಂದ ಎಷ್ಟು ಜನರಿಗೆ ಹೊಲ ಸಿಕ್ಕಿತು ಎಂಬುದು ಬೇರೆ ಮಾತು. ಧಣಿಗೂ ಗೇಣಿದಾರನಿಗೂ ನಡುವೆ ಕಾಗದ ಹಿಡಿದು ನಿಲ್ಲುವ ಒಂದು ಸರ್ಕಾರ ಇದೆ ಎಂಬುದು ಮೊದಲ ಸಲ ಹಳ್ಳಿಗೆ ತಿಳಿದದ್ದು ಆಗ.

1952ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಈ ಸೀಮೆಯ ಕ್ಷೇತ್ರದ ಹೆಸರು ಕುಷ್ಟಗಿ. ನೆಹರೂ ಹೆಸರಿನಲ್ಲಿ ದೇಶವೇ ಕಾಂಗ್ರೆಸ್ಸಿಗೆ ಮತ ಹಾಕಿದ ಆ ವರ್ಷ ಇಲ್ಲಿನ ಮತದಾರರು ಕಳಿಸಿದ್ದು ಪಕ್ಷೇತರ ಶಿವಮೂರ್ತಿಸ್ವಾಮಿಗಳನ್ನು, ಮುಂಡರಗಿ ಶಿಬಿರದ ಅದೇ ಸ್ವಾಮಿಗಳನ್ನು. 1957ರಲ್ಲಿ ಕಾಂಗ್ರೆಸ್ಸಿನ ಅಗಡಿ ಸಂಗಣ್ಣನವರು ಗೆದ್ದರು. 1962ರಲ್ಲಿ ಮತ್ತೆ ಶಿವಮೂರ್ತಿಸ್ವಾಮಿಗಳು, ಈ ಸಲ ಲೋಕ ಸೇವಕ ಸಂಘದಿಂದ. 1967ರಲ್ಲಿ ಮತ್ತೆ ಸಂಗಣ್ಣನವರು. ಯಾರಿಗೂ ಪಟ್ಟಾಗಿ ಕೂರಲು ಬಿಡದ ಈ ಹೊಯ್ದಾಟವನ್ನು ಹಿಂದುಳಿದ ಜನರ ಅರಿವುಗೇಡಿತನ ಎಂದು ನೋಡುವವರಿದ್ದಾರೆ. ನನಗೆ ಅದು ಹಾಗೆ ಕಾಣುವುದಿಲ್ಲ. ನಿಜಾಮನಂಥ ನಿಜಾಮನೇ ಹೋದದ್ದನ್ನು ಕಣ್ಣಾರೆ ಕಂಡವರು, ಸರ್ಕಾರವನ್ನು ಬದಲಿಸಬಹುದು ಎಂಬುದನ್ನು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ.

ಇಷ್ಟಾದರೂ ಈ ನಾಲ್ಕು ತಾಲ್ಲೂಕುಗಳ ಮನಸ್ಸನ್ನು ನಿಜವಾಗಿ ಎರಡಾಗಿ ಸೀಳಿದ್ದು ರಾಜಕೀಯವಲ್ಲ, ಕಾಲುವೆ.

ತುಂಗಭದ್ರೆಗೆ ಅಣೆಕಟ್ಟು ಕಟ್ಟಲು 1945ರ ಫೆಬ್ರವರಿ 28ರಂದು ಎರಡು ದಂಡೆಯಲ್ಲಿ ಎರಡು ಅಡಿಗಲ್ಲು ಬಿದ್ದವು. ಎಡಕ್ಕೆ ಹೈದರಾಬಾದ್ ಕಡೆಯಿಂದ ಬೀರಾರಿನ ಯುವರಾಜ, ಬಲಕ್ಕೆ ಮದ್ರಾಸಿನ ಗವರ್ನರ್ ಆರ್ಥರ್ ಹೋಪ್. ಒಂದೇ ನದಿಗೆ ಅಡ್ಡ ನಿಲ್ಲುವ ಒಂದೇ ಗೋಡೆಗೆ ಇಬ್ಬರು ಯಜಮಾನರು! ಗೋಡೆ ಎದ್ದು ನೀರು ಹರಿಯುವ ಹೊತ್ತಿಗೆ, 1953ರಲ್ಲಿ, ಆ ಎರಡು ಸರ್ಕಾರಗಳ ಪೈಕಿ ಒಂದು ಇರಲೇ ಇಲ್ಲ, ಇನ್ನೊಂದು ಒಡೆಯುತ್ತಿತ್ತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ ಹಾದು ಸಿಂಧನೂರು, ಮಾನ್ವಿ ದಾಟಿ ರಾಯಚೂರಿನ ತನಕ 227 ಕಿಲೋಮೀಟರ್ ಹರಿಯುತ್ತದೆ. ಗಂಗಾವತಿ, ಆನೆಗೊಂದಿಯ ಸುತ್ತ ವಿಜಯನಗರದ ಅರಸರ ಕಾಲುವೆಗಳು ಅದಾಗಲೇ ಹರಿಯುತ್ತಿದ್ದವು. ಆಳುವವರು ನೀರು ಕೊಡಬಲ್ಲರು ಎಂಬುದು ಆ ಹಳ್ಳಿಗಳಿಗೆ ಐದು ನೂರು ವರ್ಷದ ಹಿಂದಿನ ಸುದ್ದಿ. ಕುಷ್ಟಗಿ, ಯಲಬುರ್ಗಾ ದಿಬ್ಬದ ಮೇಲಿವೆ. ಅಲ್ಲಿಗೆ ಕಾಲುವೆ ಹತ್ತಲಿಲ್ಲ.

ಎಂಜಿನಿಯರುಗಳ ಲೆಕ್ಕದಲ್ಲಿ ಇದು ಬರ ತಡೆಯುವ ನೀರಾವರಿ. ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ ತೆಳುವಾಗಿ, ಆದಷ್ಟು ಹೆಚ್ಚು ಹೊಲಕ್ಕೆ ನೀರು ಹಂಚಬೇಕೆಂಬುದು ಯೋಜನೆ. ಆದದ್ದೇ ಬೇರೆ. ಕೃಷ್ಣಾ, ಗೋದಾವರಿ ಬಯಲಿನಿಂದ ಬಂದ ತೆಲುಗು ರೈತರು ಅಗ್ಗದ ಬೆಲೆಗೆ ಹೊಲ ಕೊಂಡು ಮಡಿ ಕಟ್ಟಿದರು, ಭತ್ತ ನಾಟಿದರು. ಅವರು ನೆಲೆನಿಂತ ಕಡೆಯೆಲ್ಲ ಕ್ಯಾಂಪುಗಳು ಎದ್ದವು. ಗಂಗಾವತಿ ಸುತ್ತ ಈಗಲೂ ಊರ ಹೆಸರಿನ ಕೊನೆಗೆ ಕ್ಯಾಂಪ್ ಎಂದೇ ಇದೆ. ಸ್ಥಳೀಯರು ಮೊದಲು ನೋಡಿದರು, ಆಮೇಲೆ ತಾವೂ ನಾಟಿಗೆ ಇಳಿದರು. ಗಂಗಾವತಿ ಭತ್ತದ ಕಣಜವಾಯಿತು, ಅಕ್ಕಿ ಗಿರಣಿಗಳ ಊರಾಯಿತು. ಸರ್ಕಾರದ ಕಾಗದದ ಮೇಲೆ ಆ ಗದ್ದೆಗಳಲ್ಲಿ ಎಷ್ಟೋ ಇವತ್ತಿಗೂ ನಿಯಮ ಮೀರಿದ ಬೆಳೆಯೇ.

ಇದರಿಂದ ಸರ್ಕಾರದ ಬಗ್ಗೆ ಒಂದು ಹೊಸ ತಿಳಿವಳಿಕೆ ಬಂತು. ಸರ್ಕಾರ ಕೊಡುತ್ತದೆ, ಆದರೆ ಅದು ಹೇಳಿದಂತೆ ಕೇಳಬೇಕಾಗಿಲ್ಲ. ಒತ್ತಡ ಹಾಕಿದರೆ ಇನ್ನಷ್ಟು ಬರುತ್ತದೆ. ಕಾಲುವೆಯ ರಾಜಕಾರಣ ಎಂದರೆ ಇಷ್ಟೇ. ಪ್ರತಿ ವರ್ಷ ನೀರಾವರಿ ಸಲಹಾ ಸಮಿತಿ, ಎಲ್ಲರ ಬಾಯಲ್ಲಿ ಐಸಿಸಿ, ಸಭೆ ಸೇರುತ್ತದೆ. ಎಂದಿನಿಂದ ಎಂದಿನವರೆಗೆ ನೀರು, ಎಷ್ಟು ಕ್ಯುಸೆಕ್, ಬೇಸಿಗೆ ಬೆಳೆಗೆ ಉಂಟೋ ಇಲ್ಲವೋ ಎಂಬುದು ಅಲ್ಲಿ ತೀರ್ಮಾನ. ಗಂಗಾವತಿ, ಕಾರಟಗಿಯ ರೈತರಿಗೆ ಆ ದಿನ ಬಜೆಟ್ ದಿನಕ್ಕಿಂತ ದೊಡ್ಡದು. ಮೇಲಿನವರು ತೂಬಿನಲ್ಲಿ ಹೆಚ್ಚು ಎಳೆದುಕೊಂಡರೆ ಮಾನ್ವಿ, ಸಿರವಾರದ ಕೊನೆ ಭಾಗದ ರೈತರು ರಸ್ತೆಗೆ ಇಳಿಯುತ್ತಾರೆ, ಕಾಲುವೆ ಗುಂಟ ಪೊಲೀಸರು ನಿಲ್ಲುತ್ತಾರೆ, ನಿಷೇಧಾಜ್ಞೆ ಹೊರಡುತ್ತದೆ. ಸರ್ಕಾರ ಇಲ್ಲಿ ಯಜಮಾನನೂ ಹೌದು, ನ್ಯಾಯ ಹೇಳುವ ಪಂಚನೂ ಹೌದು, ಬೈಸಿಕೊಳ್ಳುವವನೂ ಹೌದು.

ದಿಬ್ಬದ ಮೇಲಿನ ಕಥೆ ಒಣಗಿದ್ದು. 1970ರ ದಶಕದ ಆರಂಭದ ಬರದಲ್ಲಿ ಕುಷ್ಟಗಿ, ಯಲಬುರ್ಗಾದವರು ಸರ್ಕಾರವನ್ನು ಕಂಡದ್ದು ಬರಗಾಲ ಕಾಮಗಾರಿಯಲ್ಲಿ: ಜಲ್ಲಿ ಒಡೆ, ಕೆರೆ ಹೂಳು ಹೊರು, ಕೂಲಿ ತೊಗೊ. ಮಳೆಗಾಲ ಮುಗಿಯುತ್ತಲೇ ಮನೆಗೆ ಬೀಗ ಹಾಕಿ, ಮುದುಕರನ್ನು ಊರಲ್ಲಿ ಬಿಟ್ಟು ಗುಳೆ ಹೊರಡುವುದು ಅಲ್ಲಿ ವಾರ್ಷಿಕ ಪದ್ಧತಿಯೇ ಆಯಿತು. ಮಂಗಳೂರು, ಬೆಂಗಳೂರು, ಗೋವಾಗಳ ಕಟ್ಟಡಗಳಲ್ಲಿ ಈ ತಾಲ್ಲೂಕುಗಳ ಬೆವರಿದೆ. ದೇವರಾಜ ಅರಸು ಸರ್ಕಾರದ 1974ರ ಭೂಸುಧಾರಣೆ ಬಂದಾಗ ಫಾರಂ ನಂಬರ್ 7 ತುಂಬಲು ತಹಸೀಲ್ದಾರ್ ಕಚೇರಿಗೆ ಗೇಣಿದಾರರು ನಡೆದರು. ಅಪ್ಪನ ಕಾಲಕ್ಕೆ ಅದೇ ಕಚೇರಿಯ ಕಟ್ಟೆ ಹತ್ತಲು ಕಾಲು ನಡುಗುತ್ತಿತ್ತು. ಅರ್ಜಿ ಗೆದ್ದದ್ದು ಬಿದ್ದದ್ದು ಆಮೇಲಿನ ಮಾತು, ಕಟ್ಟೆಯಂತೂ ಹತ್ತಿದರು.

ಒಂದೇ ಕಾಲದಲ್ಲಿ ಎರಡು ಬಗೆಯ ಪೌರರು ಹೀಗೆ ತಯಾರಾದರು. ಗಂಗಾವತಿಯವರು ಸರ್ಕಾರದ ಜೊತೆ ಚೌಕಾಸಿ ಮಾಡಿದರು. ಕುಷ್ಟಗಿಯವರು ನಮ್ಮ ಪಾಲು ಎಲ್ಲಿ ಎಂದು ಕೇಳಿದರು. ಕೃಷ್ಣೆಯ ನೀರು ಏತದಲ್ಲಾದರೂ ಬರಲಿ ಎಂಬ ಬೇಡಿಕೆ ಅಲ್ಲಿನ ಪ್ರತಿ ಚುನಾವಣೆಯಲ್ಲೂ ಕೇಳಿಬಂದಿದೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ರಾಜ್ಯದ ತಾಲ್ಲೂಕುಗಳನ್ನು ಅಳೆದು ತೂಗಿದಾಗ ಕುಷ್ಟಗಿ, ಯಲಬುರ್ಗಾ ಎರಡನ್ನೂ ಅತ್ಯಂತ ಹಿಂದುಳಿದವು ಎಂದು ಗುರುತಿಸಿತು. ಜನಕ್ಕೆ ಅದೇನು ಹೊಸ ಸುದ್ದಿಯಲ್ಲ. ಆದರೆ ಸರ್ಕಾರವೇ ನೇಮಿಸಿದ ಸಮಿತಿಯ ಮುದ್ರೆ ಬಿದ್ದದ್ದರಿಂದ ಗೋಳು ಹಕ್ಕಾಗಿ ಬದಲಾಯಿತು. ನಿವೇದನಾ ಪತ್ರದಲ್ಲಿ ‘ದಯಮಾಡಿ’ ಎನ್ನುತ್ತಿದ್ದ ಜಾಗಕ್ಕೆ ‘ನಂಜುಂಡಪ್ಪ ವರದಿಯ ಪ್ರಕಾರ’ ಬಂದು ಕೂತಿತು.

ಅದಕ್ಕೂ ಮುಂಚೆ 1997ರ ಆಗಸ್ಟ್ 24ರಂದು, ಜೆ. ಎಚ್. ಪಟೇಲರ ಕಾಲದಲ್ಲಿ, ಈ ನಾಲ್ಕು ತಾಲ್ಲೂಕುಗಳು ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದವು. ಬೆಂಗಳೂರಿನಲ್ಲಿ ಕೂತವರಿಗೆ ಜಿಲ್ಲಾ ವಿಭಜನೆ ಎಂದರೆ ಕುರ್ಚಿಗಳ ಹಂಚಿಕೆ. ಯಲಬುರ್ಗಾದವರಿಗೆ ಗದಗ ಕೂಗಳತೆ, ರಾಯಚೂರು ದೂರದ ನಾಡು. ಡೀಸಿ ಕಚೇರಿಯಲ್ಲಿ ಒಂದು ಕಾಗದಕ್ಕೆ ಸಹಿ ಹಾಕಿಸಲು ನಸುಕಿನಲ್ಲಿ ಬಸ್ಸು ಹಿಡಿದು, ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆಂದು ಕೇಳಿ, ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗಿ ಮರುದಿನ ಮತ್ತೆ ಹೋಗಬೇಕಿತ್ತು. ಜಿಲ್ಲೆಯಾದ ಮೇಲೆ ಬೆಳಿಗ್ಗೆ ಹೋಗಿ ಸಂಜೆ ಮರಳುವಂತಾಯಿತು. ಕೈಗೆ ಎಟಕುವ ಸರ್ಕಾರದ ಮೇಲೆ ಸಿಟ್ಟೂ ಬೇಗ ಬರುತ್ತದೆ. ಡೀಸಿ ಕಚೇರಿ ಎದುರಿನ ಧರಣಿ ಎಂಬುದು ಕೊಪ್ಪಳದ ದಿನಚರಿಗೆ ಸೇರಿದ್ದು ಆಗಲೇ. 2012ರ ಕೊನೆಗೆ ಸಂಸತ್ತಿನಲ್ಲಿ ಒಪ್ಪಿಗೆ ಪಡೆದ 371ಜೆ ತಿದ್ದುಪಡಿ ಈ ಭಾಗದವರಿಗೆ ಉದ್ಯೋಗ, ಕಾಲೇಜು ಸೀಟುಗಳಲ್ಲಿ ಮೀಸಲಾತಿ ತಂದಿತು. ಹಳ್ಳಿ ಹುಡುಗರ ಮಟ್ಟಿಗೆ ಸಂವಿಧಾನದ ಒಂದು ವಿಧಿ ಸಂಖ್ಯೆ ಮನೆಮಾತಾದದ್ದು ಹೀಗೆ.

ಸರ್ಕಾರ ಊರೊಳಗಿನ ರೂಢಿಗೆ ಕೈ ಹಾಕಬೇಕೇ ಎಂಬ ಪ್ರಶ್ನೆ ಮಾತ್ರ ಇಷ್ಟು ಸಲೀಸಾಗಿ ಇತ್ಯರ್ಥವಾಗಲಿಲ್ಲ. ನೀರು, ರಸ್ತೆ, ಶಾಲೆ ಬೇಕು; ಹೋಟೆಲು, ಕ್ಷೌರದಂಗಡಿಯ ತಂಟೆ ಬೇಡ ಎನ್ನುವವರು ಕಡಿಮೆ ಇರಲಿಲ್ಲ. ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟಿನಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು; ಕ್ಷೌರದಂಗಡಿ, ಹೋಟೆಲುಗಳಲ್ಲಿ ಪ್ರವೇಶವಿಲ್ಲದ್ದನ್ನು ಪ್ರಶ್ನಿಸಿದ್ದು ಅದರ ಹಿನ್ನೆಲೆ. ಹತ್ತು ವರ್ಷದ ಬಳಿಕ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮೇಲ್ಮನವಿ ಹೋಗಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಹತ್ತು ವರ್ಷ ಸಾಕ್ಷಿ ಹೇಳುತ್ತಾ ಅದೇ ಊರಿನಲ್ಲಿ ಬಾಳಿದವರಿಗೆ ಸರ್ಕಾರ, ಕೋರ್ಟು ಎಂದರೆ ಏನು ಎಂಬುದನ್ನು ಕಾಲುವೆ ರೈತರ ಅನುಭವದಿಂದ ಅಳೆಯಲಾಗದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟು ಚೈನು ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಕಣ್ಣೆದುರೇ ಹರಿದು ಹೋಗುವಾಗ ಮೂರು ರಾಜ್ಯಗಳ ರೈತರು ಟೀವಿ ಮುಂದೆ ಕೂತಿದ್ದರು. ಅಣೆಕಟ್ಟೆ ತುಂಗಭದ್ರಾ ಮಂಡಳಿಯದೋ, ರಾಜ್ಯದ್ದೋ, ಕೇಂದ್ರದ್ದೋ ಎಂದು ರಾಜಕಾರಣಿಗಳು ಕಿತ್ತಾಡಿದರು. ನಿವೃತ್ತಿಯ ವಯಸ್ಸು ದಾಟಿದ ಗೇಟು ತಜ್ಞ ಕನ್ನಯ್ಯ ನಾಯ್ಡು ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿ ವಾರದೊಳಗೆ ನೀರು ನಿಲ್ಲಿಸಿದರು. ಎಲ್ಲ 33 ಗೇಟುಗಳನ್ನೂ ಬದಲಿಸುವ ಸಲುವಾಗಿ ಎರಡನೇ ಬೆಳೆಗೆ ನೀರಿಲ್ಲ ಎಂಬ ತೀರ್ಮಾನ 2025ರ ಕೊನೆಗೆ ಬಂದಾಗ ಗಂಗಾವತಿ ಸೀಮೆ ಕುದಿಯಿತು. ಎಪ್ಪತ್ತು ವರ್ಷ ಕೊಟ್ಟ ಕೈ ಒಂದು ಬೇಸಿಗೆ ಹಿಂದೆ ಸರಿದರೆ ಹೇಗಿರುತ್ತದೆ ಎಂದು ಕುಷ್ಟಗಿಯವರನ್ನು ಕೇಳಿದ್ದರೆ ಸಣ್ಣಗೆ ನಕ್ಕಾರು.

ಸರ್ಕಾರ ತಾನಾಗಿ ಕೊಡಬಂದದ್ದನ್ನು ಬೇಡ ಎಂದದ್ದು ಮಾತ್ರ ಕೊಪ್ಪಳ ಪಟ್ಟಣ. 2025ರ ಫೆಬ್ರವರಿಯಲ್ಲಿ ಬೆಂಗಳೂರಿನ ಹೂಡಿಕೆದಾರರ ಸಮಾವೇಶದಲ್ಲಿ ಬಲ್ಡೋಟಾ ಸಮೂಹದ ಉಕ್ಕಿನ ಕಾರ್ಖಾನೆಗೆ 54,000 ಕೋಟಿ ರೂಪಾಯಿಯ ಒಪ್ಪಂದವಾಯಿತು. ವರ್ಷಕ್ಕೆ 1.05 ಕೋಟಿ ಟನ್ ಉಕ್ಕು ತಯಾರಿಸುವ ಯೋಜನೆ. ಕಾರ್ಖಾನೆ ಬಂದರೆ ಊರು ಉದ್ಧಾರ ಎಂದು ಹಿಂದೆ ಹಾರ ಹಿಡಿದು ನಿಂತ ಜಿಲ್ಲೆಯೇ ಇದು. 2021ರಲ್ಲಿ ಭಾನಾಪುರದ ಆಟಿಕೆ ಕ್ಲಸ್ಟರಿಗೆ ಅಡಿಗಲ್ಲು ಬಿದ್ದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆದರೆ ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳ ಕರಿಧೂಳು ಅಷ್ಟರಲ್ಲಿ ಮಾಳಿಗೆ, ಮೇವು, ಒಣಹಾಕಿದ ಸೀರೆ ಎಲ್ಲದರ ಮೇಲೂ ಕೂತಿತ್ತು. ಒಪ್ಪಂದದ ಬೆನ್ನಿಗೇ, 2025ರ ಫೆಬ್ರವರಿ 24ರಂದು, ಕೊಪ್ಪಳ ಬಂದ್ ಆಯಿತು. ಮುಂದೆ ನಡೆದವರು ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ.

ಅವರ ಮಾತಿಗೆ ಆ ತೂಕ ಬಂದದ್ದಕ್ಕೂ ಸರ್ಕಾರದ ಗೈರುಹಾಜರಿಗೂ ಸಂಬಂಧವಿದೆ. ಅಶೋಕನ ಶಾಸನವಿರುವ ಗುಡ್ಡದ ಮಗ್ಗುಲಿನ ಈ ಮಠ ಬಡ ಮಕ್ಕಳಿಗೆ ಹಾಸ್ಟೆಲು ನಡೆಸಿತು, ಕೋವಿಡ್ ಕಾಲದಲ್ಲಿ ರೋಗಿಗಳಿಗೆ ಹಾಸಿಗೆ ಹಾಕಿತು, 2019ರಲ್ಲಿ ಹಿರೇಹಳ್ಳದ ಹೂಳು, ಮುಳ್ಳುಕಂಟಿ ತೆಗೆಸಲು ಸಾವಿರಾರು ಜನರನ್ನು ಹಳ್ಳಕ್ಕೆ ಇಳಿಸಿತು. ಸರ್ಕಾರದ ಪಾಲಿನ ಕೆಲಸ ಮಾಡಿ ತೋರಿಸಿದವರು ಸರ್ಕಾರಕ್ಕೆ ‘ಸಾಕು, ನಿಲ್ಲಿಸಿ’ ಎಂದಾಗ ಜನ ಹಿಂದೆ ಬಂದರು. 2025ರ ಮಾರ್ಚಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರನ್ನು ನಿಯೋಗ ಕಂಡಿತು, ಕೆಲಸ ನಿಲ್ಲಿಸುವಂತೆ ಸೂಚನೆಯಾಯಿತು. 1991ರಲ್ಲಿ ಇದೇ ಕೊಪ್ಪಳದಿಂದ ಲೋಕಸಭೆಗೆ ನಿಂತು ಸೋತವರು ಅವರು. ಈ ಸೀಮೆಯ ಮತದಾರರ ಮನಸ್ಸನ್ನು ಅವರಿಗೆ ವಿವರಿಸಬೇಕಾದ ಅಗತ್ಯ ಇದ್ದಿರಲಾರದು.

ಹೋರಾಟ ಅಲ್ಲಿಗೆ ಮುಗಿಯಲಿಲ್ಲ. ವರ್ಷಗಳ ಹಿಂದೆಯೇ ಕಾರ್ಖಾನೆಗೆಂದು ಹೊಲ ಕೊಟ್ಟು, ಮನೆಗೊಂದು ನೌಕರಿಯ ದಾರಿ ಕಾಯುತ್ತಿದ್ದ ಕುಟುಂಬಗಳಲ್ಲಿ ಕೆಲವು ಕಾರ್ಖಾನೆ ಆಗಲೇಬೇಕೆಂದು ತಾವೂ ಬೀದಿಗೆ ಬಂದವು. ಧೂಳು ಬೇಡ ಎನ್ನುವವರ ಮನವಿಯನ್ನೂ ಕೆಲಸ ಬೇಕು ಎನ್ನುವವರ ಮನವಿಯನ್ನೂ ಈಗ ಒಬ್ಬರೇ ಜಿಲ್ಲಾಧಿಕಾರಿ ತೆಗೆದುಕೊಳ್ಳಬೇಕು, ಇಬ್ಬರಿಗೂ ಸ್ವೀಕೃತಿ ಮುದ್ರೆ ಒತ್ತಿ ಕೊಡಬೇಕು.